ಕೊಸರಿಗೆ ಬಂದ ಐದನೆಯ ಕಂಬ

ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ನಲ್ಲಿ ನನ್ನದೊಂದು ದಿನಸಿ ಅಂಗಡಿ. ಧಾರವಾಡದ ಸಂತೆಯಲ್ಲಿ ಅವ್ವನ ಸೆರಗು ಹಿಡಿದು ಕಲಿತ ವಿದ್ಯೆಯಿಂದಲೇ ಅದನ್ನು ಕಟ್ಟಿದ್ದೇನೆ: ದರ ಕುದುರಿದ ಮೇಲೆ ಕೊಸರು ಕೇಳಬೇಕು. ಬದನೆಕಾಯಿ ಕೊಂಡರೆ ಮೇಲೊಂದು ಬದನೆಕಾಯಿ, ಮೆಣಸಿನಕಾಯಿ ಕೊಂಡರೆ ಹಿಡಿ ಕೊತ್ತಂಬರಿ. ಕೊಸರು ಕೇಳದೆ ಬಂದವರು ವ್ಯಾಪಾರ ಮಾಡಿದಂತಲ್ಲ, ದಾನ ಮಾಡಿದಂತೆ. ಮದುವೆಯಾಗಿ ಈ ಊರಿಗೆ ಬರುವ ಹುಡುಗಿಯರಿಗೆ ನಾನು ಹೇಳುವ ಮೊದಲ ಬುದ್ಧಿಮಾತು ಇದೇ.

ಹೋದ ವರ್ಷ ಅಲ್ಲೇ ಸಮೀಪದ ಫುಲ್‌ಶೀರ್‌ನಲ್ಲಿ ಮನೆ ಕಟ್ಟಿಸಿದೆವು. ಮುಂಭಾಗಕ್ಕೆ ಗ್ರೀಕ್ ಕಂಬ ಬೇಕೆಂಬುದು ನನ್ನ ಹಟ. ಆ ಬೀದಿಯ ಹಲ್ಲಿನ ಡಾಕ್ಟರ ಮನೆಗೂ ಇದ್ದವು, ದವಡೆಯ ಹಲ್ಲಿನ ಹಾಗೆ ಸಾಲಾಗಿ. ಭಾರ ಹೊರುವ ಕಂಬಗಳಲ್ಲ. ಒಳಗೆ ಟೊಳ್ಳು, ಬರೀ ಶೋಕಿಗೆ. ಮಾಡಿ ಮಾರುವವನು ಹ್ಯೂಸ್ಟನ್ನಿನಲ್ಲೇ ಇದ್ದ ಒಬ್ಬ ಅಪ್ಪಟ ಗ್ರೀಕ್ ಮುದುಕ. ನಕ್ಷೆಯಲ್ಲಿದ್ದದ್ದು ನಾಲ್ಕು ಕಂಬ. ಒಂದು ಮಧ್ಯಾಹ್ನವಿಡೀ ಗುದ್ದಾಡಿ ದರ ಇಳಿಸಿದೆ. ಆಮೇಲೆ ಕೊಸರು ಕೇಳಿದೆ. ನನಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ ಅದಕ್ಕೆ ಪದವಿರಲಿಲ್ಲ, ಬದನೆಕಾಯಿಯ ಉದಾಹರಣೆ ಕೊಡಬೇಕಾಯಿತು. ಅವನು ನಕ್ಷೆಯ ಮೇಲೆ ಬೆರಳಿಟ್ಟು ಏನೋ ಹೇಳಹೊರಟವನು, ನನ್ನ ಮಾತು ಮುಗಿಯದ್ದು ಕಂಡು, ಮೂಲೆಯಲ್ಲಿದ್ದ ಇನ್ನೊಂದು ಕಂಬವನ್ನೂ ಲಾರಿಗೆ ಹಾಕಿಸಿದ.

ಬಂದದ್ದನ್ನು ಬಿಡುವುದುಂಟೆ? ಅಂತರ ಸರಿಹೊಂದಿಸಿ ಐದನ್ನೂ ನಿಲ್ಲಿಸಿ ಎಂದೆ. ಮೇಸ್ತ್ರಿ ಎರಡು ಸಲ ಕೇಳಿದ, ಖಂಡಿತವೇ ಎಂದು. ಎರಡು ಸಲ ಕೇಳುವವರನ್ನು ನಾನು ಕೆಲಸಗಳ್ಳರೆಂದೇ ತಿಳಿಯುವುದು.

ಭಾನುವಾರ ಗೃಹಪ್ರವೇಶವೆನ್ನುವಾಗ ಬುಧವಾರವೇ ಮಗಳು ಆಸ್ಟಿನ್‌ನಿಂದ ಬಂದಳು. ಅವಳು ಓದುವುದು ಕಂಪ್ಯೂಟರ್. ಆದರೂ ಒಂದು ಸೆಮಿಸ್ಟರ್ ಪ್ರಾಚೀನ ಗ್ರೀಕರ ಪಾಠ ಕೇಳಿ, ಊಟಕ್ಕೆ ಕೂತಾಗಲೂ ಅವರನ್ನೇ ಕರೆತರುತ್ತಿದ್ದಳು. ಅವರಲ್ಲೊಬ್ಬ ತತ್ವಜ್ಞಾನಿ ದಿನವಿಡೀ ಸಂತೆಯಲ್ಲಿ ನಿಂತು, ಏನನ್ನೂ ಕೊಳ್ಳದೆ, ಕಂಡಕಂಡವರಿಗೆ ಪ್ರಶ್ನೆ ಕೇಳುತ್ತಿದ್ದನಂತೆ. ಕೊನೆಗೆ ಊರವರು ವಿಷ ಕುಡಿಸಿದರಂತೆ. ಕುಡಿಸಿದ್ದು ತಪ್ಪು, ಒಪ್ಪುತ್ತೇನೆ. ಆದರೆ ಅಂಗಡಿ ಇಟ್ಟವರ ಸಂಕಟವನ್ನೂ ಯಾರಾದರೂ ಬರೆಯಬೇಕಿತ್ತು.

ಕಾರಿನಿಂದ ಇಳಿದವಳು ಅಲ್ಲೇ ನಿಂತು ಎಣಿಸಿದಳು.

“ಅಮ್ಮಾ, ಫೈವ್ ಯಾಕೆ? ಟೆಂಪಲ್ ಮುಂದೆ ಗ್ರೀಕ್ಸ್ ಈವನ್ ನಂಬರ್ ಇಡ್ತಿದ್ರು. ಸಿಕ್ಸ್, ಏಟ್, ಹಂಗೆ.”

“ಅವರಿಗೆ ಕೊಸರು ಕೇಳಲಿಕ್ಕೆ ಬರ್ತಿದ್ದಿಲ್ಲ. ನನಗ ಬರ್ತದ.”

“ನೋ, ಅಮ್ಮಾ. ಮಿಡಲ್‌ನಲ್ಲಿ ಪಿಲ್ಲರ್ ಬಂದ್ರೆ ಡೋರ್ ಬ್ಲಾಕ್ ಆಗತ್ತೆ. ಒಳಗಿರೋ ದೇವ್ರಿಗೆ ಹೊರಗೆ ಕಾಣ್ಬೇಕಲ್ಲ?”

ನಾನು ಹಿಂತಿರುಗಿ ಬಾಗಿಲ ಕಡೆ ನೋಡಿದೆ. ಬಸವಣ್ಣನಿಗೂ ಲಿಂಗಕ್ಕೂ ನಡುವೆ ನಿಂತು ಗುಡಿಯಲ್ಲಿ ಅವ್ವನಿಂದ ಬೈಸಿಕೊಂಡು ಬೆಳೆದವಳು ನಾನು. ನಮ್ಮ ದೇವರ ಕೋಣೆ ಮುಂಬಾಗಿಲಿಗೆ ನೇರ ಎದುರಿಗಿತ್ತು. ಅದಕ್ಕೆದುರಾಗಿ ಐದರ ನಡುಗಂಬ. ಕಂಡಿರಲಿಲ್ಲವೆಂದಲ್ಲ, ಪುಕ್ಕಟೆ ಬಂದ ಕಂಬ ಅಡ್ಡವೆನಿಸಿರಲಿಲ್ಲ. ಭಾನುವಾರ ಬರಲಿದ್ದವರೆಲ್ಲ ನನ್ನ ಮಾತು ಕೇಳಿ ಮನೆ, ಸೋಫಾ, ಅಳಿಯಂದಿರನ್ನು ಆರಿಸಿಕೊಂಡವರು. ದೇವರ ಕಣ್ಣೆದುರು ಕಂಬ ನೆಟ್ಟವಳೆಂದಾದರೆ ಇನ್ನಾರು ನನ್ನ ಸಲಹೆ ಕೇಳುತ್ತಾರೆ?

ಮರುದಿನ ಗ್ರೀಕ್ ಮುದುಕ ಬಂದು ನೋಡಿದ. ನಗಲಿಲ್ಲ, ಅದೇ ದೊಡ್ಡದು. ನಕ್ಷೆಯಲ್ಲಿ ನಾಲ್ಕೇ ಯಾಕೆ ಬರೆದಿದ್ದರೆಂದು ತನಗೆ ಗೊತ್ತಿತ್ತು, ಆದರೆ ಬದನೆಕಾಯಿಯ ಮಾತಿನಲ್ಲಿ ನಾನು ತನಗೆ ಬಾಯಿ ತೆರೆಯಲು ಬಿಡಲಿಲ್ಲ ಎಂದ. ತುದಿಯ ಎರಡನ್ನು ಬಿಟ್ಟು ಒಳಗಿನ ಮೂರನ್ನೂ ಕಿತ್ತು, ಎರಡನ್ನು ಹೊಸ ಅಂತರದಲ್ಲಿ ಮತ್ತೆ ನಿಲ್ಲಿಸಬೇಕು. ಹಗಲೆಲ್ಲ ದುಡಿದರೆ ಶನಿವಾರ ಮುಗಿದೀತು. ಕೂಲಿ ಹೇಳಿದ. ಅಷ್ಟಕ್ಕೆ ಹೊಸ ಕಂಬವೇ ಬರುತ್ತಿತ್ತು. ನಾಲಗೆ ತುದಿಗೆ ಬಂದದ್ದನ್ನು ನುಂಗಿ, “ಆಗಲಿ” ಎಂದೆ.

ಅವನಿಗೆ ಗಾಬರಿಯಾಯಿತು. ಮನೆ ಸುತ್ತ ಒಂದು ಸುತ್ತು ಹೊಡೆದ, ತಳಪಾಯಕ್ಕೆ ಕಾಲಿನಿಂದ ಒದ್ದು ನೋಡಿದ, ಬೇರೆ ಏನಾದರೂ ಮುಚ್ಚಿಟ್ಟಿದ್ದೀರಾ ಎಂದು ಕೇಳಿದ. ನಾನು ಸುಮ್ಮನಿದ್ದೆ. ಕೊನೆಗೆ ತಾನೇ ದರ ಇಳಿಸಿದ. ನೀವೂ ಒಮ್ಮೆ ಪ್ರಯತ್ನಿಸಿ: ಚೌಕಾಸಿಗಾರರು ಸುಮ್ಮನಿದ್ದಷ್ಟು ಎದುರಿನವರಿಗೆ ಬೇರೇನೂ ಹೆದರಿಕೆ ಹುಟ್ಟಿಸುವುದಿಲ್ಲ.

ಭಾನುವಾರ ಬಾಗಿಲು ತೆರೆದಾಗ ದೇವರಿಂದ ಬೀದಿಯವರೆಗೂ ಅಡ್ಡವೇನೂ ಇರಲಿಲ್ಲ. ನಾನು ಹೊಸ್ತಿಲ ಹತ್ತಿರ ನಿಂತು, ಮನೆ ಕಟ್ಟಿಸಲು ಹೊರಟಿದ್ದ ದಂಪತಿಗೆ ಸಮಸಂಖ್ಯೆಯ ಮಹತ್ವ ವಿವರಿಸುತ್ತಿದ್ದೆ.

“ಅಮ್ಮಾ,” ಎಂದಳು ಮಗಳು ಆರತಿ ತಟ್ಟೆ ಹಿಡಿದು, “ಈಗ ನೀನು ಬ್ಲಾಕ್ ಮಾಡ್ತಿದೀಯ.”