ಗಡಿಗಿ ಇಳಿಸಿದ ಚಾಚಿ

ಎದುರು ಮನೆಯ ಚಾಚಿಯ ತೋರುಬೆರಳ ತುದಿಯಲ್ಲಿ ಸಣ್ಣ ಸಣ್ಣ ಕಲೆಗಳಿದ್ದವು, ಎಲ್ಲ ಲವ್ ಬರ್ಡ್ಸ್ ಕಚ್ಚಿದ್ದು. ಮುದ್ದೇಬಿಹಾಳದ ನಮ್ಮ ಓಣಿಯಲ್ಲಿ ಆ ಬೆರಳು ಮೇಲೆದ್ದರೆ ಎದುರಾಡುವವರಿರಲಿಲ್ಲ, ನಮ್ಮತ್ತೆಯೊಬ್ಬರನ್ನು ಬಿಟ್ಟು.

ಚಾಚಿಯ ಹಸಿರು ಹೆಣ್ಣುಹಕ್ಕಿ ಬಿಡುವಿಲ್ಲದೆ ತತ್ತಿ ಇಡುತ್ತಿತ್ತು. ತಪ್ಪು ನಮ್ಮ ಓಣಿಯ ಹೆಂಗಸರದೇ. ಬಸುರಿ ಎಂದು ಅದಕ್ಕೂ ಕುಬಸದ ಸಂಭ್ರಮ ಮಾಡಿದೆವು: ನೆನೆಸಿದ ಕಾಳು, ಬಿಸಿ ರೊಟ್ಟಿಯ ಚೂರು, ತತ್ತಿ ಇಟ್ಟು ಕಾವು ಕೂರಲು ಹೊಸ ಮಣ್ಣಿನ ಗಡಿಗಿ. ಉಪಚಾರ ಹೆಚ್ಚಿದಷ್ಟೂ ಅದು ತತ್ತಿ ಇಡುತ್ತಲೇ ಹೋಯಿತು. ಒಂದು ದಿನ ತತ್ತಿ ಹೊಟ್ಟೆಯೊಳಗೇ ಸಿಕ್ಕಿಕೊಂಡು ಹಕ್ಕಿ ಪಂಜರದ ತಳದಲ್ಲಿ ಬಿದ್ದುಕೊಂಡಿತು. ಹೇಗೋ ಬದುಕಿತು. "ಇನ್ನೊಮ್ಮಿ ಹಿಂಗಾದ್ರ ಉಳ್ಯಾಂಗಿಲ್ರಿ" ಎಂದರು ದನದ ಡಾಕ್ಟರು.

ಚಾಚಿ ಅಂದೇ ಪಂಜರದಿಂದ ಗಡಿಗಿ ಇಳಿಸಿದರು. ನೆನೆಕಾಳು ಬಂದ್, ಒಣ ನವಣೆಯಷ್ಟೇ. ಬೆಳಕು ಉದ್ದವಾದರೆ ಹಕ್ಕಿಗೆ ಮರಿ ಮಾಡುವ ಆಸೆ ಹುಟ್ಟುತ್ತದೆಂದು ಹೊತ್ತು ಮುಳುಗುವ ಮೊದಲೇ ಪಂಜರಕ್ಕೆ ಕೌದಿ ಹೊದಿಸಿದರು. ಗಂಡುಹಕ್ಕಿಯನ್ನು ಬೇರೆ ಇಟ್ಟರು. ಅದು ಕೂಗಿ ಕೂಗಿ ಓಣಿಯ ತಲೆ ತಿಂದಿತು.

"ಪಾಪ ತಟ್ಟತೈತಿ ನಿನಗ" ಎಂದರು ಅತ್ತೆ.

"ತಟ್ಲಿ ಬಿಡ್ರಿ ಅಕ್ಕಾ. ತತ್ತಿ ಇಡೂದಷ್ಟ ಅಕಿ ಕೆಲಸೇನು? ಅಕಿ ಜೀವಾ ಉಳೀಬೇಕೋ ಬ್ಯಾಡೋ?"

ಆ ಮಾತು ನನ್ನ ಎದೆಗೆ ನಾಟಿತು. ಎರಡನೇ ಮಗಳ ಹೆರಿಗೆಯಲ್ಲಿ ನಾನು ಸತ್ತು ಬದುಕಿದವಳು. ಇನ್ನೊಂದಾದರೆ ಜೀವಕ್ಕೆ ಅಪಾಯ ಎಂದು ಡಾಕ್ಟರು ಹೇಳಿದ್ದರು. ಅತ್ತೆಗೆ ಮೊಮ್ಮಗನೇ ಬೇಕು. ನನ್ನ ಗಂಡನೋ, ತಾಯಿಯ ಮುಂದೆ ಕೋಲೆಬಸವ. ಚಾಚಿಯ ಮುಂದೆ ಅತ್ತುಬಿಟ್ಟೆ. "ಅಳಬ್ಯಾಡ, ನಡಿ" ಎಂದು ನನ್ನ ಕೈ ಹಿಡಿದುಕೊಂಡು ನಮ್ಮ ಪಡಸಾಲೆಗೆ ಬಂದು ಕೂತರು.

"ಅಕ್ಕಾ, ಈ ಕೂಸುಗಳಿಗೆ ತಾಯಿ ಬೇಕು. ಮಕ್ಕಳಾಗದ ಆಪರೇಷನ್ನಿಗೆ ನೀವು ಹೂಂ ಅನ್ನೂತನಾ ನಾ ಏಳಾಂಗಿಲ್ಲ."

ಅತ್ತೆ ಬೈದರು, ಅತ್ತರು, ಒಳಗೆದ್ದು ಹೋದರು. ಚಾಚಿ ನಮ್ಮನೆಯ ನೀರನ್ನೂ ಮುಟ್ಟದೆ ಕೂತೇ ಇದ್ದರು. ದೀಪ ಹಚ್ಚುವ ಹೊತ್ತಿಗೆ ಒಳಗಿನಿಂದ "ಹೂಂ" ಕೇಳಿತು. ಆಪರೇಷನ್ನಿಗೆ ದವಾಖಾನೆಗೆ ಕರೆದೊಯ್ದವರೂ ಚಾಚಿಯೇ. ಅತ್ತೆ ಅವರೊಡನೆ ಬಹಳ ಕಾಲ ಮಾತು ಬಿಟ್ಟಿದ್ದರು.

ಹೋದ ವರ್ಷ ಚಾಚಿ ತೀರಿಕೊಂಡರು. ಆ ಹಸಿರು ಹಕ್ಕಿಯ ಪಂಜರ ನಮ್ಮ ಮನೆಗೆ ಬಂತು. ಮೊನ್ನೆ ನಾಲತವಾಡದಿಂದ ಬಂದ ನಾದಿನಿ ಹಕ್ಕಿಗೆಂದು ಚೆಂದದ ಗಡಿಗಿ ತಂದಿದ್ದಳು. ಅತ್ತೆ ಅದನ್ನು ಅವಳ ಕೈಯಿಂದ ಇಸಿದುಕೊಂಡು ಹಿತ್ತಲಲ್ಲಿಟ್ಟು ಬಂದರು.

"ಬ್ಯಾಡವಾ. ಇದರ ಜೀವಾ ಅಕಿ ಉಳಿಸ್ಯಾಳ" ಎಂದು ಪಂಜರಕ್ಕೆ ಕೌದಿ ಎಳೆದರು. ಆಮೇಲೆ ನನ್ನ ಕಡೆ ನೋಡಿ, "ಇಕಿದೂ" ಎಂದರು.