ಕೀ ಯಾರ ಜೇಬಿನಲ್ಲಿ

ನನ್ನ ಕೈ ಬಾಯಿಗಿಂತ ಮುಂದೆ. ಮೊದಲು ಹೊಡೆದು ಆಮೇಲೆ ವಿಚಾರಿಸುವವನು ನಾನು. ಶಿಕಾರಿಪುರದಲ್ಲಿ ನನ್ನ ಹಿಟ್ಟಿನ ಗಿರಣಿಗೆ ಬರುವವರಿಗೆಲ್ಲ ಇದು ಗೊತ್ತು. ಪಾಳಿ ತಪ್ಪಿಸಿ ಮುಂದೆ ತಂದಿಟ್ಟ ಡಬ್ಬಿ ಜೋಳದ ಸಮೇತ ಬೀದಿಗೆ ಹಾರಿದ್ದನ್ನು ಅವರು ಕಂಡಿದ್ದಾರೆ. ಸಿಟ್ಟಿನ ಕೈಗೆ ಬುದ್ಧಿ ಕೊಡಬೇಡ ಎಂದು ಅವ್ವ ಸಾಯುವವರೆಗೂ ಹೇಳಿದಳು. ಕೇಳಿದವರು ಯಾರು?

ಗಿರಣಿ ಅಪ್ಪ ಹಾಕಿದ್ದು. ಮೋಟಾರಿನಿಂದ ಬೀಸುವ ಕಲ್ಲಿಗೆ ಹೋಗುವ ಬೆಲ್ಟು ಅಪ್ಪನ ಬಲಗೈಯ ಎರಡು ಬೆರಳು ತಿಂದಿತ್ತು. ಅಂದಿನಿಂದ ಆತನದೊಂದು ಕಟ್ಟುನಿಟ್ಟು. ಬೆಲ್ಟಿಗೆ ಕೈ ಹಾಕುವವನು ಮೊದಲು ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು. ಬೇರೆಯವರ ಜೇಬಿಗಲ್ಲ, ತನ್ನ ಜೇಬಿಗೇ. ಒಮ್ಮೆ ಮರೆತಿದ್ದಕ್ಕೆ ಉಳಿದ ಮೂರು ಬೆರಳಿನಲ್ಲೇ ನನ್ನ ಕಪಾಳಕ್ಕೆ ಬಾರಿಸಿದ. ಆ ಮೂರು ಬೆರಳಿನ ಬರೆ ಎರಡು ದಿನ ಕೆನ್ನೆಯ ಮೇಲಿತ್ತು.

ಮೊನ್ನೆ ಮೊನ್ನೆ ಕರೆಂಟಿನ ಬೈಕು ಕೊಂಡೆ. ಅದಕ್ಕೆ ಚೈನಿಲ್ಲ, ಹಲ್ಲಿರುವ ರಬ್ಬರ್ ಬೆಲ್ಟು, ಹಿಂದಿನ ಚಕ್ರಕ್ಕೊಂದು ದೊಡ್ಡ ಪುಲ್ಲಿ. ಬೆಲ್ಟಿನ ವಿಷಯ ನನಗೆ ಯಾರು ಹೇಳಿಕೊಡಬೇಕು ಎಂಬ ಜಂಬಕ್ಕೇ ಅದನ್ನು ಆರಿಸಿದ್ದು.

ಮಗಳನ್ನು ಸೊರಬಕ್ಕೆ ಕೊಟ್ಟಿದ್ದೇವೆ. ಅವಳನ್ನು ನೋಡಲು ಹೊರಟವನು ಸೊರಬ ಬಸ್‌ಸ್ಟ್ಯಾಂಡು ದಾಟಿದ್ದೆ ಅಷ್ಟೇ, ಗಲ್ಲಿಯೊಳಗಿಂದ ಒಬ್ಬ ಬೈಕಿನಲ್ಲಿ ನುಗ್ಗಿ ಬಂದು ನನ್ನ ಹಿಂದಿನ ಚಕ್ರಕ್ಕೆ ಗುದ್ದಿದ. ಇಬ್ಬರೂ ಬಿದ್ದೆವು. ನನ್ನ ಮೊಣಕಾಲು ತರಚಿತು, ಕನ್ನಡಿ ಒಡೆಯಿತು, ಬೆಲ್ಟಿನ ಮೇಲಿನ ಕವರು ಬಗ್ಗಿತು. ಅಷ್ಟೇ. ಬಿದ್ದಾಗ ಆದದ್ದಕ್ಕಿಂತ ಎದ್ದ ಮೇಲೆ ಆದದ್ದೇ ಹೆಚ್ಚು.

ಎದ್ದವನೇ ಹೆಲ್ಮೆಟ್ ಬಿಚ್ಚಿ ಅದರಿಂದಲೇ ಅವನ ಕಿವಿಯ ಮೇಲೆ ಬೀಸಿದೆ. ಅವನು ಕುಸಿದು ಕೂತ. ಕೂತವನ ಪಕ್ಕೆಗೂ ಒಂದು ಒದ್ದೆ.

"ಕಣ್ಣು ಎಲ್ಲಿಟ್ಟಿದ್ದೀಯಲೇ?"

"ನಂದೇ ತಪ್ಪು ರೀ," ಎಂದ. ಮೂವತ್ತರ ಆಸುಪಾಸಿನವನು. ಕಿವಿಯ ಹಿಂದಿನಿಂದ ರಕ್ತ ಸಣ್ಣಗೆ ಇಳಿಯುತ್ತಿತ್ತು. "ರಿಪೇರಿ ಮಾಡಿದ ಬೈಕು ಓಡಿಸಿ ನೋಡ್ತಾ ಇದ್ದೆ. ಇಲ್ಲೇ ನನ್ನ ಗ್ಯಾರೇಜು. ಬನ್ನಿ, ಸರಿ ಮಾಡಿ ಕೊಡ್ತೀನಿ."

ತಿರುಗಿ ಹೊಡೆದಿದ್ದರೆ ನನ್ನ ಸಿಟ್ಟು ಅಲ್ಲೇ ಮುಗಿಯುತ್ತಿತ್ತೇನೋ. ಹೊಡೆಯಲಿಲ್ಲವಲ್ಲ, ಅದಕ್ಕೇ ಇನ್ನಷ್ಟು ಏರಿತು.

ಗ್ಯಾರೇಜಿನಲ್ಲಿ ಹಿಂದಿನ ಚಕ್ರ ನೆಲ ಬಿಡುವಂತೆ ಬೈಕನ್ನು ಸ್ಟ್ಯಾಂಡಿಗೆ ಏರಿಸಿದ. ಬಿದ್ದ ಏಟಿಗೆ ಹ್ಯಾಂಡಲ್ ನಡುವಿನ ಮೀಟರಿನ ಪರದೆ ಸತ್ತಿದೆಯೋ ನೋಡೋಣವೆಂದು ನಾನೇ ಕೀ ತಿರುಗಿಸಿದೆ. ಹತ್ತಿತು, ಪಕ್ಕದ ಸಣ್ಣ ಹಸಿರು ದೀಪವೂ. ಅವನು ಬಗ್ಗಿದ ಕವರು ಬಿಚ್ಚಿದ. ಬೆಲ್ಟಿನ ಹಲ್ಲಿಗೆ ಜಲ್ಲಿಯ ಚೂರೊಂದು ಸಿಕ್ಕಿಕೊಂಡಿತ್ತು, ಪುಲ್ಲಿಯ ಅಂಚು ಮುಕ್ಕಾಗಿತ್ತು. ಚೂರು ಕಿತ್ತು, ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿ, ಸೋಪಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಅದ್ದಿ ಬೆಲ್ಟು ತಿಕ್ಕತೊಡಗಿದ.

"ಸೋಪು ಯಾಕಲೇ? ರಾಳದ ಪುಡಿ ಹಾಕಿ ಬಿಗಿ ಮಾಡು," ಎಂದೆ. ಗಿರಣಿಯಲ್ಲಿ ಬೆಲ್ಟು ಜಾರಿದರೆ ನಾವು ಮಾಡುವುದು ಅದನ್ನೇ.

"ಇದಕ್ಕೆ ರಾಳ, ಎಣ್ಣೆ ಎಂತದೂ ಆಗೂದಿಲ್ಲ ರೀ. ಗಿರಣಿ ಬೆಲ್ಟು ಉಜ್ಜಿ ಎಳೀತದೆ, ಇದು ಹಲ್ಲಲ್ಲಿ ಕಚ್ಚಿ ಎಳೀತದೆ. ಅಂಟಿದ್ರೆ ಮಣ್ಣು ಹಿಡಿದು ಹಲ್ಲು ಸವೀತದೆ. ಬಿಗಿ ಹೆಚ್ಚಾದ್ರೆ ಬೇರಿಂಗ್ ಹೋಗ್ತದೆ."

ಎದುರಿನ ಟೀ ಅಂಗಡಿಯಲ್ಲಿ ಕೂತವರು ನಕ್ಕರು. ಅವನು ಹೇಳಿದ್ದು ಸರಿಯಿತ್ತು. ಸರಿಯಿದ್ದದ್ದೇ ನನ್ನ ಮೈ ಉರಿಸಿತು.

ಇನ್ನು ಬೆಲ್ಟಿನ ಒಳಬದಿ ಸೀಳಿದೆಯೋ ಎಂದು ಬೆರಳಿನಿಂದ ಮುಟ್ಟಿ ನೋಡಬೇಕಿತ್ತು. ಕೈ ಒರೆಸಿಕೊಂಡು ಅಂಗೈ ಚಾಚಿದ.

"ಕೀ ತೆಗೆದು ಕೊಡಿ ರೀ. ನನ್ನ ಜೇಬಲ್ಲಿ ಇಟ್ಕೊಳ್ತೀನಿ."

ಅಪ್ಪನ ಮಾತೇ ಅದು. ಆದರೆ ನನಗೆ ಅಪ್ಪ ನೆನಪಾಗಲಿಲ್ಲ. ಎಡಗೈಯಲ್ಲಿದ್ದ ಹೆಲ್ಮೆಟ್ಟನ್ನು ಅವನ ಮುಖದೆದುರು ಆಡಿಸಿದೆ. "ನನ್ನ ಗಾಡಿ ಕೀ ನಿನ್ನ ಜೇಬಿಗ್ಯಾಕಲೇ? ಆಫ್ ಐತಿ. ಮುಚ್ಕೊಂಡು ಮಾಡು."

ಸುಳ್ಳು ಹೇಳಿದ್ದಲ್ಲ. ಕೀ ತಿರುಗಿಸಿದ್ದು ಮರೆತೇ ಹೋಗಿತ್ತು. ಪರದೆ ತನ್ನಷ್ಟಕ್ಕೆ ಮಂಕಾಗಿತ್ತು, ಬೈಕು ಉಸಿರೆತ್ತಿರಲಿಲ್ಲ. ಸದ್ದಿಲ್ಲದ ಯಂತ್ರ ನಿಂತ ಯಂತ್ರ, ಗಿರಣಿಯವರ ಲೆಕ್ಕ ಅಷ್ಟೇ. ಅವನು ಒಂದು ಗಳಿಗೆ ಬೈಕಿನ ಮುಂಭಾಗ ನೋಡಿದ, ನನ್ನನ್ನು ನೋಡಿದ, ಕೂತು ಬೆಲ್ಟಿನಡಿಗೆ ಬೆರಳು ತೂರಿಸಿದ.

ಅಷ್ಟರಲ್ಲಿ ಒಡೆದ ಕನ್ನಡಿ ನನ್ನ ಕಣ್ಣಿಗೆ ಬಿತ್ತು. "ಇದನ್ನ ನಿಮ್ಮಪ್ಪ ತಂದು ಕೊಡ್ತಾನೇನಲೇ?" ಎಂದು ಬಲಗೈಯಲ್ಲಿ ಹ್ಯಾಂಡಲ್ ಹಿಡಿದು ಜಗ್ಗಿದೆ. ಆಕ್ಸಿಲರೇಟರ್ ತಿರುಗಿತು. ಚಕ್ರ ಸದ್ದಿಲ್ಲದೆ ತಿರುಗಿತು. ಸದ್ದು ಬಂದದ್ದು ಅವನಿಂದ. ನಾನು ಕೈ ಬಿಡುವುದರೊಳಗೆ ಅವನ ಉಂಗುರ ಬೆರಳು ಬೆಲ್ಟಿಗೂ ಪುಲ್ಲಿಗೂ ನಡುವೆ ಸಿಕ್ಕಿ ಜಜ್ಜಿಹೋಗಿತ್ತು. ಬಕೆಟ್ಟಿನ ಪಕ್ಕ ಬಿದ್ದ ಸೋಪಿನ ನೊರೆ ಕೆಂಪಾಯಿತು.

ಟೀ ಅಂಗಡಿಯವರು ಓಡಿ ಬಂದರು. ಪಕ್ಕದ ವೆಲ್ಡಿಂಗ್ ಅಂಗಡಿಯವನು ಕಬ್ಬಿಣದ ಸಲಾಕೆ ಹಿಡಿದೇ ಬಂದ. ನನ್ನ ಅಂಗಿ ಹರಿಯಿತು, ಬಾಯಿಗೆ ಎರಡು ಬಿದ್ದವು, ಹಲ್ಲಿನ ಸಂದಿಯಲ್ಲಿ ರಕ್ತದ ರುಚಿ. ಸಲಾಕೆ ಮೇಲಕ್ಕೆದ್ದಿತ್ತು.

"ಬಿಡ್ರೋ ಅವರನ್ನ," ಎಂದ ಅವನು. ಗೋಡೆಗೊರಗಿ ಕೈಯನ್ನು ಬಟ್ಟೆಯಲ್ಲಿ ಅವುಚಿ ಹಿಡಿದಿದ್ದ. "ನಂದೇ ತಪ್ಪು. ಕೀ ತೆಗೀದೆ ಕೈ ಹಾಕ್ದೆ."

ಬಿಟ್ಟರು. ರಸ್ತೆಯಲ್ಲಿ ಅವನು ಅದೇ ಮಾತು ಹೇಳಿದಾಗ ಅದು ನಿಜವಾಗಿತ್ತು. ಈ ಸಲ ಅಲ್ಲ. ಅಲ್ಲ ಎಂದು ಹೇಳಬೇಕಾದವನು ನಾನೊಬ್ಬನೇ, ನಾನು ಬಾಯಿ ಬಿಡಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು. ಆಸ್ಪತ್ರೆಯಲ್ಲಿ ಬೆರಳಿನ ತುದಿಯ ಗೆಣ್ಣು ತೆಗೆದರು. ನಾನು ಹೊರಗಿನ ಬೆಂಚಿನಲ್ಲಿ ಕೂತಿದ್ದು, ಮಗಳ ಮನೆಗೂ ಹೋಗದೆ ಊರಿಗೆ ಮರಳಿದೆ.

ನಾಲ್ಕು ತಿಂಗಳ ಮೇಲೆ ಮತ್ತೆ ಅದೇ ಗ್ಯಾರೇಜಿಗೆ ಹೋದೆ. ಬೆಲ್ಟು ನೋಡಿಸುವ ನೆಪ. ಅವನು ಕೇಳುವ ಮೊದಲೇ ಕೀ ತೆಗೆದು ನನ್ನ ಕೈಯಾರೆ ಅವನ ಜೇಬಿಗೆ ಹಾಕಿದೆ. ಅವನು ಸೋಪಿನ ನೀರು ತಂದು ಕೂತ. ಬ್ರಷ್ಷಿನ ಹಿಡಿಯ ಮೇಲೆ ಮೊಂಡು ಬೆರಳು ಸರಿಯಾಗಿ ಕೂರುತ್ತಿರಲಿಲ್ಲ.

"ಅವತ್ತು ಕೀ ಆನ್ ಇತ್ತಪ್ಪ," ಎಂದೆ. "ನಾನು ಆಫ್ ಅಂದುಬಿಟ್ಟೆ."

"ಗೊತ್ತಿತ್ತು ರೀ," ಎಂದ, ತಲೆ ಎತ್ತದೆ. "ಮುಂದಿನ ಹಸಿರು ದೀಪ ಕಂಡಿತ್ತು."

"ಮತ್ತೆ ಹೇಳಲಿಲ್ಲ ಯಾಕೆ?"

ಬ್ರಷ್ಷು ನಿಂತಿತು. ನನ್ನ ಕೈ ಕಡೆ ಒಮ್ಮೆ ನೋಡಿದ.

"ನಿಮ್ಮ ಕೈಯಲ್ಲಿ ಇನ್ನೂ ಹೆಲ್ಮೆಟ್ ಇತ್ತಲ್ಲ ರೀ."