ಗೋಡೆಯೊಳಗೆ ಹೋದ ಒಂದು ಕೊಡ ನೀರು

ಮನೆಯ ಮೇಲೆ ಬಿದ್ದ ಮಳೆನೀರು ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ನೀವು ಎಂದಾದರೂ ಯೋಚಿಸಿದ್ದೀರಾ? ಇಲ್ಲವೆಂದರೆ ನೀವು ಪುಣ್ಯವಂತರು. ಅರವತ್ತು ದಾಟುವ ತನಕ ನಾನೂ ಆ ಪುಣ್ಯವನ್ನು ಅನುಭವಿಸಿದವಳೇ. ಈ ವರ್ಷ ರೋಹಿಣಿ ಮಳೆ ಇನ್ನೇನು ಬಂತು ಎನ್ನುವಾಗ ಆ ಪ್ರಶ್ನೆ ನನ್ನ ತಲೆಯನ್ನು ಹೊಕ್ಕಿತು. ಹೊಕ್ಕದ್ದು ಹೊರಗೆ ಬರುವ ದಾರಿ ಕಾಣದೆ ಅಲ್ಲೇ ನಿಂತಿತು.

ಇಳಕಲ್ಲಿನ ನಮ್ಮ ಹಳೆಯ ಮನೆ ಮಣ್ಣಿನ ಮಾಳಿಗೆಯದು. ಅದರ ನೀರಿನ ವ್ಯವಹಾರದಲ್ಲಿ ಗುಟ್ಟೆಂಬುದೇ ಇರಲಿಲ್ಲ. ಮಾಳಿಗೆಯ ಅಂಚಿನಿಂದ ಓಣಿಯತ್ತ ಚಾಚಿಕೊಂಡ ಒಂದು ಕಲ್ಲಿನ ದೋಣಿ. ಮೇಲೆ ಬಿದ್ದದ್ದೆಲ್ಲ ಅದರ ಬಾಯಿಂದ ಸಮಸ್ತರ ಕಣ್ಣೆದುರೇ ಧುಮುಕುತ್ತಿತ್ತು. ಬೇಸಿಗೆ ಮುಗಿಯುತ್ತ ಬಂದಂತೆ ನಮ್ಮ ಅತ್ತೆ ನೀರು ಸೋರದಂತೆ ಮಾಳಿಗೆಗೆ ಸವುಳು ಮಣ್ಣು ಹಾಕಿಸಿ, ದೋಣಿಯಲ್ಲಿ ಸೇರಿಕೊಂಡ ಬೇವಿನೆಲೆ, ಗುಬ್ಬಿ ತಂದಿಟ್ಟ ಹುಲ್ಲು, ಹುಡುಗರು ಕಳೆದುಕೊಂಡ ಚೆಂಡು ಎಲ್ಲವನ್ನೂ ಕೋಲಿನಿಂದ ಕೆದಕಿ ತೆಗೆಸಿ, ಕೊನೆಗೆ ತಾವೇ ಒಂದು ಕೊಡ ನೀರು ಸುರಿದು ನೋಡುತ್ತಿದ್ದರು. ಸೊಸೆಯಾದ ನಾನು ಕೆಳಗೆ ಓಣಿಯಲ್ಲಿ ನಿಂತು "ಬಂತ್ರೀ ಅತ್ತಿ" ಎಂದು ಕೂಗಬೇಕು. ನಾನು ಕೂಗಿದ ಮೇಲೆಯೇ ಮಳೆಗಾಲಕ್ಕೆ ಊರೊಳಗೆ ಬರಲು ಪರವಾನಗಿ. ಅದಕ್ಕೂ ಮೊದಲೇ ಒಂದು ಮಳೆ ಬಂದುಬಿಟ್ಟರೆ ಅತ್ತೆ ಆಕಾಶದ ಮೇಲೆಯೇ ಸಿಟ್ಟಾಗಿ, ಅದಕ್ಕೆ ಕೇಳುವಂತೆ ಬೈಯುತ್ತಿದ್ದರು.

ಈಗಿನದು ಸ್ಲ್ಯಾಬಿನ ಮನೆ. ಕಳೆದ ದೀಪಾವಳಿಗೆ ಮುಗಿದದ್ದು. ಒಂದು ಮಳೆಗಾಲವನ್ನೂ ಕಂಡಿರಲಿಲ್ಲ. ಇದರ ಪೈಪು ದೊಡ್ಡ ಮನೆತನದ ಗುಟ್ಟಿನಂತೆ ಗೋಡೆಯ ಒಳಗೇ ಇಳಿದುಹೋಗಿದೆ. ಹೊರಗೆ ಕಂಡರೆ ಚಂದ ಕಾಣುವುದಿಲ್ಲ ಎಂದು ಮಗನ ಅಭಿಪ್ರಾಯ. ಬಸ್ಸಿನ ಕಂಡಕ್ಟರ್ ಆದ ಅವನಿಗೆ ಯಾರು ಎಲ್ಲಿ ಹತ್ತಿದರು, ಎಲ್ಲಿ ಇಳಿಯಬೇಕು ಎಂಬುದೆಲ್ಲ ಬಾಯಿಪಾಠ. ತನ್ನ ಮನೆಯ ಮೇಲೆ ಹತ್ತಿದ ನೀರು ಎಲ್ಲಿ ಇಳಿಯುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಗೊತ್ತಿದ್ದ ಗೌಂಡಿ ಗೋವಾದಲ್ಲಿ ಬೇರೆ ಯಾರದೋ ಮನೆ ಕಟ್ಟುತ್ತಿದ್ದಾನೆ, ಫೋನು ಎತ್ತುವುದಿಲ್ಲ.

ನೀರಿನ ಚಿಂತೆ ಇಷ್ಟೇಕೆ ಎಂದು ಕೇಳುತ್ತೀರಿ. ಅಯ್ಯೋ, ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಮೊದಲ ಸಾಲಿನಲ್ಲೇ ಬರೆಯಬೇಕಾದ ಮಾತು ಇದು. ಆದರೆ ಸಂತೋಷ ಹೆಚ್ಚಾದರೆ ನನ್ನ ಬುದ್ಧಿ ಹಿಂದುಮುಂದಾಗುತ್ತದೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಮಠದ ಪ್ರವಚನ ಕೇಳಿ ಕೇಳಿ ನಾಲ್ಕು ದೊಡ್ಡ ಮಾತು ಕಲಿತಿದ್ದೇನೆ, ಆದರೆ ಈ ಆನಂದಕ್ಕೆ ಅವುಗಳಲ್ಲಿ ಒಂದೂ ಸಾಲುವುದಿಲ್ಲ. ಕೂಸು ಹುಟ್ಟಿದ್ದು ಗುಡೂರಿನಲ್ಲಿ, ಸೊಸೆಯ ತವರಿನಲ್ಲಿ. ಐದನೆಯ ತಿಂಗಳಿಗೆ ತೊಟ್ಟಿಲ ಸಮೇತ ನಮ್ಮ ಮನೆಗೆ ಬರುವುದೆಂದು ನಿಶ್ಚಯವಾಗಿತ್ತು. ಅಷ್ಟರಲ್ಲಿ ಸೊಸೆಯ ತಾಯಿ, ಎಂದರೆ ನನ್ನ ಬೀಗತಿ, ಫೋನಿನಲ್ಲಿ ಒಂದು ಆಜ್ಞೆ ಹೊರಡಿಸಿದರು.

"ಹೊಸಾ ಗ್ವಾಡಿ ಅದಾವ್ರಿ ಬೀಗ್ತಿ, ಮಳಿಗಾಲ ಬ್ಯಾರೆ ಬಂತು. ನಾ ಖೋಲಿ ನೋಡೇ ಕೂಸಿನ್ನ ಇಳಸಾಕಿ. ಹಸಿ ಇತ್ತಂದ್ರ ಹೊಳ್ಳಿ ಕರ್ಕೊಂಡು ಹೋಗ್ತೇನಿ. ದೀಪಾವಳಿಗೆ ಕಳಸ್ತೇನಿ."

ದೀಪಾವಳಿ! ಅಷ್ಟರಲ್ಲಿ ಕೂಸು ಅಂಬೆಗಾಲಿಕ್ಕಿ, ಗೋಡೆ ಹಿಡಿದು ನಿಂತು, ಇನ್ನೊಬ್ಬ ಅಜ್ಜಿಯನ್ನೇ ಅಜ್ಜಿ ಎಂದು ತಿಳಿದುಬಿಟ್ಟಿರುತ್ತದೆ. ನನ್ನನ್ನು ಕಂಡರೆ ಅಪರಿಚಿತಳೆಂದು ಅತ್ತುಬಿಟ್ಟರೆ?

ಕೂಸು ಬರುವ ಹಿಂದಿನ ವಾರ ಮಳೆಗಾಲದ ಮುಂಗಡವೆಂಬಂತೆ ಒಂದು ಮಳೆ ಸುರಿದು, ಕೂಸಿಗೆಂದೇ ತಿಳಿನೀಲಿ ಬಳಿಸಿದ್ದ ಖೋಲಿಯ ಗೋಡೆಯ ಮೇಲೆ ರೊಟ್ಟಿಯಷ್ಟು ಅಗಲದ ಹಸಿ ಕಲೆ ಮೂಡಿತು. ಮೊದಲು ನಾನು ಅದರ ಮುಂದೆ ಕ್ಯಾಲೆಂಡರ್ ತೂಗುಹಾಕಿದೆ. ಮರುದಿನ ಕಲೆ ಕ್ಯಾಲೆಂಡರಿಗಿಂತ ದೊಡ್ಡದಾಗಿತ್ತು.

ಆಗ ನೆನಪಾದದ್ದು ಅತ್ತೆಯ ಕೊಡ. ಕೂಸು ಬರುವ ದಿನ ಬೆಳಿಗ್ಗೆಯೇ ನಮ್ಮ ಯಜಮಾನರನ್ನು ಕೊಡದೊಂದಿಗೆ ಟೆರೇಸು ಹತ್ತಿಸಿ, ನಾನು ಕೆಳಗೆ ಮನೆಯ ಸುತ್ತ ಪಹರೆಗೆ ನಿಂತೆ. ಮೇಲೆ ಪೈಪಿನ ತೂತಿನಲ್ಲಿದ್ದ ಕಸವನ್ನೆಲ್ಲ ತೆಗೆದು ಅವರು ನೀರು ಸುರಿದರು. ಪೈಪು ಗುಟುಗುಟು ಕುಡಿದ ಸದ್ದು ಕೇಳಿಸಿತು.

"ಬಂತೇನ?"

"ಇಲ್ರೀ, ಒಂದ ಹನಿನೂ ಇಲ್ಲ!"

"ಹಂಗಾರ ಎಲ್ಲಿ ಹೋತು?"

"ನನ್ನ ಕೇಳಿದ್ರ? ಸುರದಾವ್ರು ನೀವು!"

"ನಿಂತಾಕಿ ನೀ! ಚಂದಾಗಿ ನೋಡು, ಕಣ್ಣು ತಗದು!"

ನಾನು ಮನೆಯನ್ನು ಪ್ರದಕ್ಷಿಣೆ ಹಾಕಿದೆ. ಮುಂದೆ ಕಟ್ಟೆ, ಪಕ್ಕದಲ್ಲಿ ನೆರೆಯವರ ಗೋಡೆ, ಹಿಂದೆ ಮನೆಗೆ ಹಾಸಿ ಉಳಿದ ಫರಸಿ ತುಂಡುಗಳ ರಾಶಿ. ಎಲ್ಲ ಕಡೆ ಒಣ ನೆಲ. ಇಡೀ ಒಂದು ಕೊಡ ನೀರು, ನೋಡನೋಡುತ್ತ, ನಮ್ಮದೇ ಮನೆಯಲ್ಲಿ ಅಂತರ್ಧಾನವಾಗಿತ್ತು!

ಯಜಮಾನರು ಆಯುಷ್ಯವೆಲ್ಲ ಸೀರೆಯ ನೂಲಿಗೆ ಬಣ್ಣ ಕಟ್ಟಿದವರು. ನೀರು ತಪ್ಪಿಸಿಕೊಂಡರೂ ಬಣ್ಣ ತಪ್ಪಿಸಿಕೊಳ್ಳಲಾರದು ಎಂಬುದು ಅವರ ಸಿದ್ಧಾಂತ. ಡಬ್ಬಿಯ ತಳದಲ್ಲಿ ಉಳಿದಿದ್ದ ಸೆರಗಿನ ಕೆಂಪು ಬಣ್ಣದ ಪುಡಿಯನ್ನು ಎರಡನೆಯ ಕೊಡಕ್ಕೆ ಕದಡಿ ಸುರಿದರು. ನಾನು ಮತ್ತೆ ಸುತ್ತಿದೆ. ಮತ್ತೆ ಏನೂ ಇಲ್ಲ. ಸೋತು ಕೂಸಿನ ಖೋಲಿಗೆ ಬಂದೆ. ಅಲ್ಲಿ ಸಿಕ್ಕಿತು. ತಿಳಿನೀಲಿ ಗೋಡೆಯ ಮೇಲಿನ ಹಸಿ ಕಲೆ ನನ್ನ ಕಣ್ಣೆದುರೇ, ಮದುವಣಗಿತ್ತಿಯ ಕೆನ್ನೆಯಂತೆ, ಮೆಲ್ಲಗೆ ಕೆಂಪೇರುತ್ತಿತ್ತು.

ಸತ್ಯಶೋಧನೆಯ ಫಲ ಹೀಗೂ ಇರುತ್ತದೆಂದು ಯಾವ ಪ್ರವಚನದಲ್ಲೂ ಕೇಳಿರಲಿಲ್ಲ. ಬರೀ ಹಸಿಯಾಗಿದ್ದ ಗೋಡೆಯನ್ನು ನಾವು ಹಸಿಯೂ ಕೆಂಪೂ ಮಾಡಿ ಮುಗಿಸಿದ್ದೆವು. ಇದಕ್ಕೆ ಯಾವ ಕ್ಯಾಲೆಂಡರೂ ಸಾಲದು. ಅಷ್ಟರಲ್ಲಿ ಹೊರಗೆ ಟಂಟಂ ಗಾಡಿಯ ಸದ್ದು.

ಗಾಡಿಯ ಮೇಲೆ ತೊಟ್ಟಿಲು, ಒಳಗೆ ಸೊಸೆ, ಸೊಸೆಯ ತೊಡೆಯ ಮೇಲಿನ ಕೌದಿಯಿಂದ ಹೊರಗೆ ಚಾಚಿದ ಒಂದು ಪುಟ್ಟ ಮುಷ್ಟಿ. ಆ ಮುಷ್ಟಿಯನ್ನು ಕಂಡದ್ದೇ ನಾನು ಓಡಿದೆ. ಆದರೆ ಬೀಗತಿ ಅಡ್ಡ ನಿಂತರು. "ನೀ ಇಳೀಬ್ಯಾಡವಾ, ಕುಂದ್ರು" ಎಂದು ಮಗಳಿಗೆ ಹೇಳಿ, ತಾವೊಬ್ಬರೇ ಸೀದಾ ಖೋಲಿಗೆ ಹೋದರು. ನಾನು ಹಿಂದಿರುಗಿ, ಬಾಗಿಲಲ್ಲಿ ಸಿದ್ಧವಿಟ್ಟಿದ್ದ ಆರತಿಯ ತಟ್ಟೆ ಹಿಡಿದು, ಒಳಗೆ ಹೋಗಲೋ, ಗಾಡಿಯ ಹತ್ತಿರ ಓಡಲೋ ತಿಳಿಯದೆ ಹೊಸ್ತಿಲಿನ ಮೇಲೆಯೇ ತೂಗಾಡಿದೆ.

"ಏನ್ರಿ ಬೀಗ್ತಿ ಇದು? ಗ್ವಾಡಿಗೆ ಗಾಯ ಆದಂಗ ಆಗೇತಿ!"

ಯಜಮಾನರು ಬಣ್ಣದ ಕೈಗಳಿಂದಲೇ ಕೈಮುಗಿದು ಕತೆಯನ್ನೆಲ್ಲ ಹೇಳಿದರು. ಬೀಗತಿ ನಗಲಿಲ್ಲ, ಬೈಯಲೂ ಇಲ್ಲ. ಹೊಲಕ್ಕೆ ನೀರು ಹಾಯಿಸಿ ಹಾಯಿಸಿ ಪಳಗಿದವರು, ಗೋಡೆಯ ಹಿಂಬದಿಗೆ ನಡೆದು, "ನೀರು ಕೆಳಗಽ ಇಳೀಬೇಕಲ್ರಿ, ಮ್ಯಾಲ ಹಾರಿ ಹೋಗ್ತೈತೇನು?" ಎನ್ನುತ್ತ ಫರಸಿ ತುಂಡುಗಳನ್ನು ಒಂದೊಂದೇ ಸರಿಸತೊಡಗಿದರು. ತಟ್ಟೆ ಇಳಿಸುವುದನ್ನೂ ಮರೆತು ನಾನು ಅವರ ಬೆನ್ನಿಗೇ ಹೋದೆ. ರಾಶಿಯ ಹಿಂದೆ, ಹಿಮ್ಮಡಿಯ ಎತ್ತರದಲ್ಲಿ, ಪೈಪಿನ ಬಾಯಿ ಇತ್ತು. ಗಿಲಾವು ಮಾಡುವಾಗ ಸಿಮೆಂಟು ಒಳಗೆ ಹೋಗದಿರಲೆಂದು ಗೌಂಡಿ ತುರುಕಿದ್ದ ಗೋಣಿಯ ಚಿಂದಿ ಇನ್ನೂ ಅದರೊಳಗೇ ಇತ್ತು.

"ಸ್ವಲ್ಪ ಬಾಜೂಕ ನಿಂತು ಜಗ್ಗ್ರಿ" ಎಂದು ಯಜಮಾನರು ಹೇಳುವುದರೊಳಗೆ ಬೀಗತಿ ಎದುರಿಗೇ ಕುಕ್ಕರಗಾಲಲ್ಲಿ ಕುಳಿತು ಜಗ್ಗಿಬಿಟ್ಟರು.

ಪೈಪು ತಾನು ಕುಡಿದದ್ದನ್ನೆಲ್ಲ ಒಂದೇ ಉಸಿರಿಗೆ ಹೊರಹಾಕಿತು. ಬೀಗತಿಯ ಹಳದಿ ಸೀರೆ, ತೋಳು, ಮುಖ, ನರೆತ ಕೂದಲು ಎಲ್ಲ ಕೆಂಪು. ಉಳಿದ ನೀರು ಮನೆಯ ಮಗ್ಗುಲಿನಿಂದ ಓಣಿಗೆ ಹರಿದು ಟಂಟಂ ಗಾಡಿಯ ಚಕ್ರ ಮುಟ್ಟಿತು. "ಯವ್ವಾ, ಸೀರೀ!" ಎಂದು ಸೊಸೆ ಗಾಡಿಯೊಳಗಿನಿಂದಲೇ ಇಣುಕಿ ಕಿರುಚಿದಳು. ನಾನು ಎಷ್ಟು ಗಾಬರಿಯಾದೆನೆಂದರೆ, ಕೈಯಲ್ಲಿದ್ದ ಆರತಿಯನ್ನು ಕೂಸಿಗೆ ಬಿಟ್ಟು ಬೀಗತಿಗೇ ಬೆಳಗಿದೆ.

ಬೀಗತಿ ಮುಖದ ನೀರು ಒರೆಸಿಕೊಂಡು ನನ್ನನ್ನೂ ತಟ್ಟೆಯನ್ನೂ ನೋಡಿದರು. "ಕೂಸಿಗೆ ಆರತಿ ನೀರು ಒಂದ ತಟ್ಟಿ ಇದ್ರ ಸಾಕಿತ್ತಲ್ರಿ. ಓಣಿ ತುಂಬ ಯಾಕ ಹರಸೀರಿ?" ಎಂದವರೇ ನಕ್ಕರು. ಅವರಿಗೆ ನಗು ಬಂದದ್ದಕ್ಕೆ ನನಗೆ ಅಳು ಬಂತು.

ಆದರೂ ಗೋಡೆ ಹಸಿಯೇ. ಅವರು ತೊಯ್ದ ಸೀರೆಯಲ್ಲೇ ಮತ್ತೆ ಒಳಗೆ ಹೋಗಿ ಅಂಗೈ ಇಟ್ಟು ನೋಡಿದರು. "ಈ ಖೋಲ್ಯಾಗ ಕೂಸು ಮಲಗಂಗಿಲ್ಲ" ಎಂದರು. ನಾನು ಆರತಿಯ ತಟ್ಟೆಯನ್ನು ನೆಲಕ್ಕಿಟ್ಟೆ. "ಗ್ವಾಡಿ ಒಣಗೂತನ ನಡುಮನ್ಯಾಗ ಮಲಗ್ಲಿ. ನಾನೂ ಅಲ್ಲೇ ಮಲಗ್ತೇನಿ. ಈ ಅವತಾರದಾಗ ಗುಡೂರಿಗೆ ಹೋಗ್ಲೇನು? ನಿಮ್ಮದೊಂದು ಸೀರಿ ತರ್ರಿ."

ಹೀಗೆ ಮೊಮ್ಮಗಳು ಬಂದಳು. ಅವಳ ಹಿಂದೆ ಬೀಗತಿಯೂ ಉಳಿದರು. ಈಗ ಮಳೆ ಖರೆಯೇ ಹಿಡಿದಿದೆ, ಪೈಪು ದನಿಯೆತ್ತಿ ಹರಿಯುತ್ತಿದೆ. ನಡುಮನೆಯಲ್ಲಿ ತೊಟ್ಟಿಲಿನ ಈ ಕಡೆ ನಾನು, ಆ ಕಡೆ ಅವರು. ಕೂಸಿಗೆ ಎಣ್ಣೆ ತಿಕ್ಕುವ ರೀತಿಯಿಂದ ಹಿಡಿದು ಲೋಬಾನದ ಹೊಗೆ ಎಷ್ಟಿರಬೇಕು ಎಂಬುದರ ತನಕ ನಮ್ಮಲ್ಲಿ ಒಮ್ಮತವಿಲ್ಲ. ದಿನಾ ಬೆಳಿಗ್ಗೆ ಇಬ್ಬರೂ ಖೋಲಿಗೆ ಹೋಗಿ ಗೋಡೆಗೆ ಅಂಗೈ ಇಡುತ್ತೇವೆ. ಮೊದಮೊದಲು ನಾನು "ಒಣಗೇತ್ರಿ" ಎನ್ನುತ್ತಿದ್ದೆ, ಅವರು "ಇಲ್ರಿ, ಹಸಿ ಐತಿ" ಎನ್ನುತ್ತಿದ್ದರು.

ನಿನ್ನೆ ಅವರೇ ಮೊದಲು ಕೈ ಇಟ್ಟರು. "ಒಣಗೇತಿ ಬೀಗ್ತಿ. ನಾ ಇನ್ನ ಹೊಂಡ್ತೇನಿ" ಎಂದರು. ನಾನೂ ಕೈ ಇಟ್ಟೆ. ಗೋಡೆ ಬಿಸಿಲಿಗಿಟ್ಟ ಹಪ್ಪಳದಂತೆ ಗರಿಗರಿ ಒಣಗಿತ್ತು. ಯಾಕೋ ತಿಳಿಯದು, ನನ್ನ ಬಾಯಿಂದ ಬೇರೆಯೇ ಮಾತು ಬಂತು.

"ಎಲ್ಲೀದ್ರಿ, ಇನ್ನೂ ಹಸಿ ಐತಿ."

ಬೀಗತಿ ಇನ್ನೊಮ್ಮೆ ಅಂಗೈ ಒತ್ತಿದರು. ನನ್ನ ಮುಖ ನೋಡಿದರು. "ಹೌದ ನೋಡ್ರಿ, ಐತಿ" ಎಂದು ಕೂಸನ್ನು ಎತ್ತಿಕೊಳ್ಳಲು ನಡುಮನೆಗೆ ಹೊರಟರು.